ತರ್ಕ ಕಟ್ಟುವವರು, ಗುಂಡಿ ಒತ್ತುವವರು

ಸೇತುವೆ, ಮೆಟ್ರೊ, ವಿದ್ಯುತ್ ಸ್ಥಾವರ, ತೈಲ ಶುದ್ಧೀಕರಣಾಗಾರಗಳಂಥ ದೊಡ್ಡ ಕಾಮಗಾರಿಗಳನ್ನು ಕೈಗೊಳ್ಳುವ ಕಂಪನಿಗಳು ಪ್ಲಾನಿಂಗ್ ಎಂಜಿನಿಯರ್ ಹುದ್ದೆಗೆ ಹೊರಡಿಸುವ ಜಾಹೀರಾತುಗಳಲ್ಲಿ ಪ್ರೈಮವೆರಾ ಪಿ6 ಅಥವಾ ಮೈಕ್ರೋಸಾಫ್ಟ್ ಪ್ರಾಜೆಕ್ಟ್ ಬಲ್ಲವರು ಬೇಕೆಂಬ ಸಾಲು ಈಗ ರೂಢಿಯಾಗಿಬಿಟ್ಟಿದೆ. ಆ ಒಂದು ಸಾಲನ್ನು ನಂಬಿ ಬೆಂಗಳೂರು, ಹೈದರಾಬಾದ್, ಕೊಚ್ಚಿ, ದುಬೈಗಳಲ್ಲಿ ತರಬೇತಿಯ ಉದ್ಯಮವೇ ಬೆಳೆದು ನಿಂತಿದೆ. ಸಿವಿಲ್ ಅಥವಾ ಮೆಕ್ಯಾನಿಕಲ್ ಪದವಿ ಮುಗಿಸಿದ ಯುವಜನರು, ಸೈಟಿನ ಬಿಸಿಲಿನಿಂದ ಕಚೇರಿಯ ಮೇಜಿಗೆ ಬರಲು ಹವಣಿಸುವ ಎಂಜಿನಿಯರುಗಳು, ಗಲ್ಫ್ ದೇಶಗಳಲ್ಲಿ ಕೆಲಸ ಹುಡುಕುವ ಕರಾವಳಿ ಕರ್ನಾಟಕದ ಅಭ್ಯರ್ಥಿಗಳು ಇಂಥ ತರಗತಿಗಳಿಗೆ ಶುಲ್ಕ ಕಟ್ಟಿ, ಕೆಲವು ವಾರಗಳಲ್ಲಿ ಒಂದು ಪ್ರಮಾಣಪತ್ರದೊಂದಿಗೆ ಹೊರಬರುತ್ತಾರೆ. ಆ ಪ್ರಮಾಣಪತ್ರ ಯಾವ ಸಾಮರ್ಥ್ಯಕ್ಕೆ ಸಾಕ್ಷಿ ಹೇಳುತ್ತದೆ, ಯಾವುದರ ಬಗ್ಗೆ ಮೌನವಾಗಿರುತ್ತದೆ ಎಂಬ ಪ್ರಶ್ನೆಯನ್ನು ಅದನ್ನು ಕೊಡುವವರೂ ಕೇಳುವುದಿಲ್ಲ, ಪಡೆಯುವವರೂ ಕೇಳುವುದಿಲ್ಲ. ಕೇಳಬೇಕಾದ ನೇಮಕಾತಿ ವಿಭಾಗಗಳು ಅರ್ಜಿಯ ಮೇಲೆ ತಂತ್ರಾಂಶದ ಹೆಸರಿದೆಯೇ ಎಂದಷ್ಟೇ ನೋಡಿ ಮುಂದೆ ಸಾಗುತ್ತವೆ.

ಪ್ರಶ್ನೆಗೆ ಉತ್ತರ ಹುಡುಕುವ ಮುನ್ನ ಈ ತಂತ್ರಾಂಶಗಳು ಮಾಡುವ ಕೆಲಸವೇನೆಂಬುದನ್ನು ನೋಡಬೇಕು. ಹಳ್ಳವೊಂದಕ್ಕೆ ಅಡ್ಡಲಾಗಿ ಕಟ್ಟುವ ಕಿರುಸೇತುವೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ತಳಪಾಯ ಅಗೆಯಲು 6 ದಿನ, ತಳಪಾಯದ ಕಾಂಕ್ರೀಟಿಗೆ 4 ದಿನ, ಅದರ ಮೇಲೆ ಎರಡೂ ದಡಗಳ ಆಧಾರಗೋಡೆ ಎಬ್ಬಿಸಲು 12 ದಿನ ಬೇಕು. ಈ ಮೂರೂ ಒಂದರ ನಂತರ ಒಂದು ನಡೆಯಬೇಕಾದ ಕೆಲಸಗಳು. ಸೇತುವೆಯ ಮೇಲೆ ಹಾಸುವ ಸ್ಲ್ಯಾಬುಗಳನ್ನು ಬೇರೊಂದು ಅಂಗಳದಲ್ಲಿ ಎರಕ ಹೊಯ್ದು ಸಿದ್ಧಪಡಿಸಲು 15 ದಿನ ಹಿಡಿಯುತ್ತದೆ, ಆ ಕೆಲಸ ಮೊದಲ ದಿನವೇ ಶುರುವಾಗಬಹುದು. ಗೋಡೆಯೂ ಸಿದ್ಧವಾಗಿ ಸ್ಲ್ಯಾಬೂ ಸಿದ್ಧವಾದ ಮೇಲೆ ಕ್ರೇನಿನಿಂದ ಕೂರಿಸಲು 3 ದಿನ. ಮೊದಲ ಕೆಲಸದಿಂದ ಕೊನೆಯದರವರೆಗೆ ಅವಧಿಗಳನ್ನು ಕೂಡಿಸುತ್ತ ಹೋಗುವುದಕ್ಕೆ ಫಾರ್ವರ್ಡ್ ಪಾಸ್ ಎನ್ನುತ್ತಾರೆ. ಅದರಂತೆ ಗೋಡೆ 22ನೇ ದಿನ ಮುಗಿದು, ಸೇತುವೆ 25ನೇ ದಿನ ಪೂರ್ಣಗೊಳ್ಳುತ್ತದೆ. ಕೊನೆಯಿಂದ ಹಿಂದಕ್ಕೆ ಕಳೆಯುತ್ತ ಬರುವುದು ಬ್ಯಾಕ್‌ವರ್ಡ್ ಪಾಸ್. ಹಾಗೆ ಬಂದಾಗ ಸ್ಲ್ಯಾಬಿನ ಕೆಲಸ 22ನೇ ದಿನದೊಳಗೆ ಮುಗಿದರೂ ಸಾಕೆಂದು, ಅಂದರೆ ಅದಕ್ಕೆ 7 ದಿನಗಳ ಬಿಡುವು ಇದೆಯೆಂದು ತಿಳಿಯುತ್ತದೆ. ಈ ಬಿಡುವಿನ ಹೆಸರು ಫ್ಲೋಟ್. ಫ್ಲೋಟ್ ಇಲ್ಲದ ಕೆಲಸಗಳ ಸರಣಿ, ಅಂದರೆ ಅಗೆತ, ಕಾಂಕ್ರೀಟು, ಗೋಡೆ, ಕೂರಿಸುವಿಕೆ, ಈ ಕಾಮಗಾರಿಯ ಕ್ರಿಟಿಕಲ್ ಪಾತ್. ಅದರಲ್ಲಿ ಒಂದು ದಿನ ತಪ್ಪಿದರೆ ಸೇತುವೆಯೂ ಒಂದು ದಿನ ತಡವಾಗುತ್ತದೆ. ಸ್ಲ್ಯಾಬು 5 ದಿನ ತಡವಾದರೆ ಯಾರಿಗೂ ತೊಂದರೆಯಿಲ್ಲ. 10 ದಿನ ತಡವಾದರೆ ಸೇತುವೆ 28ನೇ ದಿನಕ್ಕೆ ಜಾರುತ್ತದೆ, ಅಲ್ಲದೆ ಕ್ರಿಟಿಕಲ್ ಪಾತ್ ಎಂಬುದೇ ಜಾಗ ಬದಲಿಸಿ ಸ್ಲ್ಯಾಬಿನ ಅಂಗಳಕ್ಕೆ ಹೋಗಿ ಕೂರುತ್ತದೆ. ಐದು ಕೆಲಸಗಳ ಈ ಲೆಕ್ಕವನ್ನು ನೋಟುಬುಕ್ಕಿನ ಅರ್ಧ ಪುಟದಲ್ಲಿ ಮಾಡಬಹುದು. ಐದು ಸಾವಿರ ಕೆಲಸಗಳಿದ್ದಾಗ ಕಂಪ್ಯೂಟರ್ ಬೇಕಾಗುತ್ತದೆ, ಲೆಕ್ಕ ಮಾತ್ರ ಅದೇ.

ಈ ಲೆಕ್ಕದ ಹುಟ್ಟು ತಂತ್ರಾಂಶದ ಅಂಗಡಿಗಳಿಗಿಂತ ಬಹಳ ಹಿಂದಿನದು. ಕೆಲಸವನ್ನು ಕಾಲದ ಅಕ್ಷದ ಮೇಲೆ ಪಟ್ಟೆಗಳಾಗಿ ಎಳೆದು ತೋರಿಸುವ ವಿಧಾನಕ್ಕೆ ಅಮೆರಿಕದ ಹೆನ್ರಿ ಗ್ಯಾಂಟ್‌ನ ಹೆಸರು ಅಂಟಿಕೊಂಡಿದೆ. ಪೋಲೆಂಡಿನ ಎಂಜಿನಿಯರ್ ಕರೋಲ್ ಅದಾಮ್ಯೆಟ್ಸ್ಕಿ ಅದಕ್ಕೂ ಮೊದಲೇ, 1896ರಲ್ಲಿ, ಹಾರ್ಮೊನೊಗ್ರಾಮ್ ಎಂಬ ಇಂಥದೇ ನಕ್ಷೆಯನ್ನು ರೂಪಿಸಿದ್ದರೂ ಅವರ ಬರಹಗಳು ಪೋಲಿಷ್ ಮತ್ತು ರಷ್ಯನ್ ಭಾಷೆಗಳಲ್ಲಿದ್ದ ಕಾರಣ ಹೊರಜಗತ್ತಿಗೆ ತಡವಾಗಿ ತಿಳಿದವು. ಆದರೆ ಪಟ್ಟೆಗಳ ನಕ್ಷೆ ಯಾವ ಕೆಲಸ ಯಾವಾಗ ಎಂಬುದನ್ನು ಹೇಳುತ್ತಿತ್ತೇ ಹೊರತು, ಒಂದು ತಡವಾದರೆ ಇನ್ನಾವುದಕ್ಕೆ ಏಟು ಬೀಳುತ್ತದೆ ಎಂಬುದನ್ನು ಹೇಳುತ್ತಿರಲಿಲ್ಲ. ಆ ಕೊರತೆಯನ್ನು ತುಂಬಿದವರು ಡ್ಯುಪಾಂಟ್ ರಾಸಾಯನಿಕ ಕಂಪನಿಯ ಮಾರ್ಗನ್ ವಾಕರ್ ಮತ್ತು ರೆಮಿಂಗ್ಟನ್ ರ್‍ಯಾಂಡ್ ಕಂಪನಿಯ ಗಣಿತಜ್ಞ ಜೇಮ್ಸ್ ಕೆಲ್ಲಿ. 1957ರ ಸುಮಾರಿಗೆ ಯುನಿವ್ಯಾಕ್ ಕಂಪ್ಯೂಟರನ್ನು ಮುಂದಿಟ್ಟುಕೊಂಡು ಅವರು ರೂಪಿಸಿದ ಕ್ರಿಟಿಕಲ್ ಪಾತ್ ವಿಧಾನವನ್ನು ಕೆಂಟಕಿಯ ಲೂಯಿವಿಲ್‌ನ ಸ್ಥಾವರದ ದುರಸ್ತಿಗೆ ಪ್ರಯೋಗಿಸಿದಾಗ, ಸ್ಥಾವರ ಮುಚ್ಚಿರಬೇಕಾದ ಸರಾಸರಿ ಅವಧಿ 125 ಗಂಟೆಗಳಿಂದ 93 ಗಂಟೆಗಳಿಗೆ ಇಳಿಯಿತು.

ಅದೇ ಕಾಲಕ್ಕೆ, 1958ರಲ್ಲಿ, ಅಮೆರಿಕದ ನೌಕಾಪಡೆ ಪೊಲಾರಿಸ್ ಕ್ಷಿಪಣಿ ಯೋಜನೆಗಾಗಿ ಪರ್ಟ್ ಎಂಬ ಇನ್ನೊಂದು ವಿಧಾನವನ್ನು ಮುಂದಿಟ್ಟಿತು. ಪ್ರತಿ ಕೆಲಸಕ್ಕೂ ಆಶಾವಾದಿ, ನಿರಾಶಾವಾದಿ ಮತ್ತು ಸಂಭವನೀಯ ಎಂದು ಮೂರು ಅವಧಿಗಳನ್ನು ಕೇಳಿ, ಸಂಭವನೀಯ ಅವಧಿಗೆ ನಾಲ್ಕು ಪಟ್ಟು ತೂಕ ಕೊಟ್ಟು ಸರಾಸರಿ ತೆಗೆಯುವ ಆ ವಿಧಾನ ಎಂಜಿನಿಯರಿಂಗ್ ಪಠ್ಯಗಳಲ್ಲಿ ಇಂದಿಗೂ ಒಂದು ಅಧ್ಯಾಯವಾಗಿ ಉಳಿದಿದೆ. ಪೊಲಾರಿಸ್ ನಿಗದಿಗಿಂತ ಬೇಗ ಮುಗಿದುದಕ್ಕೆ ಪರ್ಟ್ ಕಾರಣವೆಂಬ ಮಾತು ದಶಕಗಳ ಕಾಲ ಪಠ್ಯಪುಸ್ತಕಗಳಲ್ಲಿ ಹರಿದಾಡಿತು. ಆದರೆ ಆ ಯೋಜನೆಯ ಇತಿಹಾಸವನ್ನು 1972ರಲ್ಲಿ ಪ್ರಕಟಿಸಿದ ಹಾರ್ವಿ ಸಪೋಲ್ಸ್ಕಿ ಬೇರೆಯದೇ ಚಿತ್ರ ಕೊಟ್ಟರು: ಯೋಜನೆಯ ತಾಂತ್ರಿಕ ಅಧಿಕಾರಿಗಳು ಪರ್ಟ್ ನಕ್ಷೆಗಳನ್ನು ಅಷ್ಟಾಗಿ ನೆಚ್ಚಿಕೊಂಡಿರಲಿಲ್ಲ, ಆ ನಕ್ಷೆಗಳು ಹೊರಗಿನವರ ಹಸ್ತಕ್ಷೇಪವನ್ನು ದೂರವಿಡಲು, ಆಡಳಿತ ಬಿಗಿಯಾಗಿದೆ ಎಂಬ ಅಭಿಪ್ರಾಯ ಮೂಡಿಸಲು ಹೆಚ್ಚು ಉಪಯುಕ್ತವಾದವು ಎಂಬುದು ಅವರ ವಾದ. ವೇಳಾಪಟ್ಟಿ ಎಂಬುದು ಕೆಲಸ ನಡೆಸುವ ಸಾಧನವೂ ಹೌದು, ಮೇಲಿನವರಿಗೆ ತೋರಿಸುವ ಪ್ರದರ್ಶನವೂ ಹೌದು ಎಂಬ ಇಬ್ಬಗೆ ಹುಟ್ಟಿನಿಂದಲೇ ಅದಕ್ಕೆ ಅಂಟಿತ್ತು. ಇಂದಿನ ತರಬೇತಿಯ ಕೊರತೆಗಳನ್ನು ಅರ್ಥಮಾಡಿಕೊಳ್ಳಲು ಈ ಹಳೆಯ ಸಂಗತಿ ತಂತ್ರಾಂಶದ ಯಾವ ಕೈಪಿಡಿಗಿಂತಲೂ ಹೆಚ್ಚು ನೆರವಾಗುತ್ತದೆ.

ಇದೇ ಇತಿಹಾಸದಲ್ಲಿ ಇನ್ನೊಂದು ಹೆಸರನ್ನು ಬಿಡುವಂತಿಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾನ್ ಫಾಂಡಾಲ್ 1961ರಲ್ಲಿ, ಕಟ್ಟಡ ಗುತ್ತಿಗೆದಾರರು ಕಂಪ್ಯೂಟರ್ ಇಲ್ಲದೆಯೇ ಕೈಯಿಂದ ಕ್ರಿಟಿಕಲ್ ಪಾತ್ ಲೆಕ್ಕ ಹಾಕುವ ಬಗೆಯನ್ನು ವಿವರಿಸುವ ವರದಿ ಬರೆದರು. ಕೆಲಸಗಳನ್ನು ಚೌಕಗಳಲ್ಲಿಟ್ಟು, ಅವುಗಳ ನಡುವಿನ ಸಂಬಂಧವನ್ನು ಗೆರೆಗಳಿಂದ ತೋರಿಸುವ ಅವರ ಪದ್ಧತಿಯ ಬುನಾದಿಯ ಮೇಲೆಯೇ ಇಂದಿನ ಬಹುತೇಕ ತಂತ್ರಾಂಶಗಳು ನಿಂತಿವೆ. ಕಂಪ್ಯೂಟರ್ ಬೇಡವೆಂದು ಹೊರಟ ವಿಧಾನ ಕಂಪ್ಯೂಟರಿನೊಳಗೆ ಸೇರಿಕೊಂಡಿತು. ಕೈಲೆಕ್ಕವನ್ನು ಕಲಿಸುವ ಅಭ್ಯಾಸ ಮಾತ್ರ ಹೊರಗೇ ಉಳಿಯಿತು.

ಪರ್ಸನಲ್ ಕಂಪ್ಯೂಟರುಗಳು ಬಂದ ಮೇಲಿನ ಕತೆಯನ್ನು ಚುಟುಕಾಗಿ ಹೇಳಬಹುದು. 1983ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಜೋಯೆಲ್ ಕೊಪ್ಪೆಲ್‌ಮನ್ ಮತ್ತು ಡಿಕ್ ಫ್ಯಾರಿಸ್ ಪ್ರೈಮವೆರಾ ಸಿಸ್ಟಮ್ಸ್ ಆರಂಭಿಸಿದರು, ಮರುವರ್ಷ ಮೈಕ್ರೋಸಾಫ್ಟ್ ಪ್ರಾಜೆಕ್ಟಿನ ಮೊದಲ ಡಾಸ್ ಆವೃತ್ತಿ ಬಂತು. ಪಿ3 ಎಂದೇ ಪ್ರಸಿದ್ಧವಾದ ಪ್ರೈಮವೆರಾ ಪ್ರಾಜೆಕ್ಟ್ ಪ್ಲಾನರ್ ನಿರ್ಮಾಣ ಉದ್ಯಮವನ್ನು ಆವರಿಸಿಕೊಂಡಿತು. 2008ರಲ್ಲಿ ಒರೇಕಲ್ ಆ ಕಂಪನಿಯನ್ನು ಕೊಂಡು, 2010ರ ಕೊನೆಗೆ ಪಿ3 ಮಾರಾಟವನ್ನು ನಿಲ್ಲಿಸಿ, ಬಳಕೆದಾರರೆಲ್ಲ ಪಿ6ಕ್ಕೆ ಬರುವಂತೆ ಮಾಡಿತು.

ಇನ್ನು ತರಗತಿಯೊಳಗೆ ನಡೆಯುವುದನ್ನು ನೋಡಿದರೆ, ಪಾಠದ ಕ್ರಮ ಬಹುಮಟ್ಟಿಗೆ ಎಲ್ಲೆಡೆ ಒಂದೇ. ಕಾಮಗಾರಿಯನ್ನು ಭಾಗ, ಉಪಭಾಗಗಳಾಗಿ ಒಡೆಯುವ ಡಬ್ಲ್ಯುಬಿಎಸ್, ಕೆಲಸದ ದಿನ ಮತ್ತು ರಜೆಗಳನ್ನು ಹೇಳುವ ಕ್ಯಾಲೆಂಡರ್, ಆಕ್ಟಿವಿಟಿಗಳ ಪಟ್ಟಿ, ಅವುಗಳ ನಡುವಿನ ಸಂಬಂಧಗಳು, ಕೂಲಿ, ಯಂತ್ರ, ಸಾಮಗ್ರಿಗಳ ಹಂಚಿಕೆ, ಮೂಲ ಯೋಜನೆಯ ಪ್ರತಿಯಾದ ಬೇಸ್‌ಲೈನ್, ತಿಂಗಳ ಪ್ರಗತಿಯನ್ನು ತುಂಬುವ ಅಪ್‌ಡೇಟ್, ಕೊನೆಗೆ ವರದಿಗಳು: ಇವಿಷ್ಟೂ ಪರದೆಯ ಯಾವ ಮೂಲೆಯಲ್ಲಿವೆ, ಯಾವ ಗುಂಡಿ ಒತ್ತಿದರೆ ತೆರೆದುಕೊಳ್ಳುತ್ತವೆ ಎಂಬುದು ಕಲಿಕೆಯ ಬಹುಭಾಗ. ಇದನ್ನು ಹಗುರವಾಗಿ ಕಾಣಬೇಕಿಲ್ಲ. ಪಿ6ರಂಥ ತಂತ್ರಾಂಶದಲ್ಲಿ ದಾರಿ ತಪ್ಪುವುದು ಸುಲಭ, ದಾರಿ ತೋರಿಸುವವರು ಬೇಕೇ ಬೇಕು. ತೊಂದರೆಯಿರುವುದು ಅಭ್ಯಾಸಕ್ಕೆ ಕೊಡುವ ಮಾದರಿ ಕಾಮಗಾರಿಗಳಲ್ಲಿ. ಅವುಗಳಲ್ಲಿ ಅವಧಿಗಳು ಮೊದಲೇ ಸಿದ್ಧವಾಗಿರುತ್ತವೆ, ಸಂಬಂಧಗಳು ಮೊದಲೇ ಗೊತ್ತಾಗಿರುತ್ತವೆ, ಕಲಿಯುವವರು ಅವನ್ನು ಟೈಪು ಮಾಡಿ ಪುಸ್ತಕದಲ್ಲಿರುವ ದಿನಾಂಕವೇ ಪರದೆಯಲ್ಲೂ ಬಂತೆಂದು ಖಾತರಿ ಮಾಡಿಕೊಳ್ಳುತ್ತಾರೆ. ಗೋಡೆಗೆ 12 ದಿನವೇ ಏಕೆ, ಎಷ್ಟು ಮಂದಿ ಗಾರೆಯವರು, ಸೆಂಟ್ರಿಂಗ್ ಹಲಗೆಗಳ ಸೆಟ್ಟು ಒಂದೇ ಇದ್ದರೆ ಎರಡೂ ದಡಗಳ ಗೋಡೆ ಏಕಕಾಲಕ್ಕೆ ಏಳಬಹುದೇ ಎಂಬ ಪ್ರಶ್ನೆಗಳಿಗೆ ಅಲ್ಲಿ ಎಡೆಯಿಲ್ಲ. ಸೈಟಿನ ಮೇಸ್ತ್ರಿಗೆ ಫ್ಲೋಟ್ ಎಂಬ ಪದ ಗೊತ್ತಿಲ್ಲದಿದ್ದರೂ ಈ ಕೊನೆಯ ಪ್ರಶ್ನೆಯ ಉತ್ತರ ಗೊತ್ತಿರುತ್ತದೆ. ಆತ ಅದನ್ನು ಕನ್ನಡದಲ್ಲೋ ತೆಲುಗಿನಲ್ಲೋ ಹೇಳುತ್ತಾನೆ, ಇಂಗ್ಲಿಷಿನಲ್ಲಿ ಸಿದ್ಧವಾಗುವ ವೇಳಾಪಟ್ಟಿಗೆ ಆ ಮಾತು ತಲುಪುವ ಏರ್ಪಾಡು ಹೆಚ್ಚಿನ ಕಚೇರಿಗಳಲ್ಲಿಲ್ಲ.

ಕ್ಯಾಲೆಂಡರಿನ ಪಾಠ ಇದಕ್ಕೆ ತಕ್ಕ ನಿದರ್ಶನ. ಭಾನುವಾರ ರಜೆ ಎಂದು ಗುರುತಿಸುವುದನ್ನು ಎಲ್ಲ ತರಗತಿಗಳೂ ಕಲಿಸುತ್ತವೆ. ಆದರೆ ಕಾಂಕ್ರೀಟು ಭಾನುವಾರವೂ ಗಟ್ಟಿಯಾಗುತ್ತಲೇ ಇರುತ್ತದೆ. ಕಾಂಕ್ರೀಟಿನ ಬಲವನ್ನು ಸಾಮಾನ್ಯವಾಗಿ 28ನೇ ದಿನ ಅಳೆಯುತ್ತಾರೆ. ಈ 28 ದಿನಗಳ ಕಾಯುವಿಕೆಯನ್ನು ವಾರಕ್ಕೆ ಆರು ದಿನಗಳ ಕ್ಯಾಲೆಂಡರಿಗೆ ಕಟ್ಟಿದರೆ, ತಂತ್ರಾಂಶ ಅದನ್ನು 28 ಕೆಲಸದ ದಿನಗಳೆಂದು ಎಣಿಸಿ, ನಿಜಕ್ಕೂ 32 ಇಲ್ಲವೇ 33 ದಿನಗಳಷ್ಟು ಹಿಗ್ಗಿಸುತ್ತದೆ. ಒಂದೊಂದು ಹಂತದಲ್ಲೂ ಹೀಗೆ ನಾಲ್ಕೈದು ದಿನ ಸೇರುತ್ತ ಹೋದರೆ ವೇಳಾಪಟ್ಟಿಯೊಳಗೆ ಯಾರೂ ಬಯಸದ ಕೊಬ್ಬು ತುಂಬಿಕೊಳ್ಳುತ್ತದೆ. ಮಳೆಗಾಲದ್ದು ಇದಕ್ಕೆ ವಿರುದ್ಧವಾದ ತಪ್ಪು. ಉಡುಪಿ ಅಥವಾ ಉತ್ತರ ಕನ್ನಡದ ಹಳ್ಳದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಳಪಾಯ ಅಗೆಯಲಾಗದು ಎಂಬುದು ಅಲ್ಲಿಯವರಿಗೆಲ್ಲ ಗೊತ್ತಿರುವ ಸಂಗತಿಯಾದರೂ, ದೂರದ ಕಚೇರಿಯಲ್ಲಿ ವರ್ಷವಿಡೀ ಒಂದೇ ಕ್ಯಾಲೆಂಡರ್ ಬಳಸಿ ಸಿದ್ಧಪಡಿಸಿದ ವೇಳಾಪಟ್ಟಿ ಜುಲೈ ತಿಂಗಳಲ್ಲಿ ನಿಶ್ಚಿಂತೆಯಿಂದ ಅಗೆಯುತ್ತಿರುತ್ತದೆ. ಅಲ್ಲಿ ಜೂನ್ ಮೊದಲ ವಾರಕ್ಕೆ ಮುಗಿಯಬೇಕಾದ ತಳಪಾಯ ಹತ್ತು ದಿನ ತಡವಾದರೆ, ನಿಜವಾದ ನಷ್ಟ ಹತ್ತು ದಿನಗಳದ್ದಾಗಿರದೆ ನಾಲ್ಕು ತಿಂಗಳದ್ದಾಗಿರುತ್ತದೆ. ಅಗೆತ, ತಳಪಾಯಗಳಿಗೆ ಪ್ರತ್ಯೇಕ ಮಳೆಗಾಲದ ಕ್ಯಾಲೆಂಡರ್ ಕಟ್ಟಿದವರಿಗೆ ಮಾತ್ರ ಇದು ಪರದೆಯಲ್ಲಿ ಕಾಣುತ್ತದೆ.

ವೇಳಾಪಟ್ಟಿ ಸಿದ್ಧಪಡಿಸುವುದಕ್ಕಿಂತ ಅದನ್ನು ತಿಂಗಳು ತಿಂಗಳೂ ನವೀಕರಿಸುವ ಕೆಲಸದಲ್ಲಿ ಕಲಿಕೆಯ ಕೊರತೆ ಇನ್ನೂ ಸ್ಪಷ್ಟವಾಗುತ್ತದೆ. ಪ್ರಗತಿಯನ್ನು ಅಳೆಯುವ ದಿನಕ್ಕೆ ಡೇಟಾ ಡೇಟ್ ಎನ್ನುತ್ತಾರೆ; ಅದರ ಹಿಂದಿನದೆಲ್ಲ ಆಗಿಹೋದದ್ದು, ಮುಂದಿನದೆಲ್ಲ ಅಂದಾಜು. ಪಿ6ರಲ್ಲಿ ಪ್ರಗತಿಯನ್ನು ತುಂಬಿ, ಡೇಟಾ ಡೇಟನ್ನು ಮುಂದಕ್ಕೆ ಸರಿಸಿ, ಎಫ್9 ಒತ್ತಿದರೆ ಹೊಸ ದಿನಾಂಕಗಳು ಬರುತ್ತವೆ. ಕಿರುಸೇತುವೆಯ ಸೈಟಿನಲ್ಲಿ ತಳಪಾಯದ ಕಾಂಕ್ರೀಟು ಇನ್ನೂ 2 ದಿನ ಬಾಕಿ ಇರುವಾಗಲೇ, ಮುಗಿದ ದಡದ ಕಡೆಯಿಂದ ಗೋಡೆ ಎಬ್ಬಿಸಲು ಶುರುಮಾಡಿ 12ರಲ್ಲಿ 4 ದಿನದ ಕೆಲಸ ಆಗಿಹೋಗಿದೆ ಎಂದಿಟ್ಟುಕೊಳ್ಳೋಣ. ಯೋಜನೆಯ ಪ್ರಕಾರ ತಳಪಾಯ ಪೂರ್ತಿ ಮುಗಿಯದೆ ಗೋಡೆ ಶುರುವಾಗಬಾರದು, ಸೈಟಿನಲ್ಲಿ ಶುರುವಾಗಿಬಿಟ್ಟಿದೆ. ಇಂಥ ಸ್ಥಿತಿಯಲ್ಲಿ ಉಳಿದ 8 ದಿನದ ಗೋಡೆ ಕೆಲಸವನ್ನು ಎಲ್ಲಿಂದ ಎಣಿಸಬೇಕೆಂಬುದಕ್ಕೆ ತಂತ್ರಾಂಶ ಬೇರೆ ಬೇರೆ ಆಯ್ಕೆಗಳನ್ನು ಕೊಡುತ್ತದೆ. ಮೂಲ ತರ್ಕವನ್ನು ಉಳಿಸಿಕೊಳ್ಳುವ ರಿಟೇನ್ಡ್ ಲಾಜಿಕ್ ಆರಿಸಿದರೆ, ತಳಪಾಯದ 2 ದಿನ ಮುಗಿದ ಮೇಲೆ ಗೋಡೆಯ 8, ಸ್ಲ್ಯಾಬು ಕೂರಿಸುವ 3, ಒಟ್ಟು 13 ದಿನ ಬಾಕಿ. ನಡೆದ ಪ್ರಗತಿಯೇ ಮೇಲೆಂದು ಬಗೆಯುವ ಪ್ರೋಗ್ರೆಸ್ ಓವರ್‌ರೈಡ್ ಆರಿಸಿದರೆ, ಗೋಡೆ ಇಂದಿನಿಂದಲೇ ಮುಂದುವರಿಯುತ್ತದೆಂದು 11 ದಿನ ಬಾಕಿ. ಸೈಟು ಒಂದೇ, ತುಂಬಿದ ಮಾಹಿತಿ ಒಂದೇ, ಮುಕ್ತಾಯದ ದಿನಾಂಕ ಮಾತ್ರ ಎರಡು. ಯಾವುದು ಸರಿ ಎಂಬುದು ಇನ್ನೊಂದು ದಡದಲ್ಲಿ ತಳಪಾಯವಿಲ್ಲದೆ ಗೋಡೆ ಎಷ್ಟು ದೂರ ಸಾಗಬಲ್ಲದು ಎಂಬುದನ್ನು ಸೈಟಿಗೆ ಹೋಗಿ ನೋಡಿದವರಿಗೆ ಮಾತ್ರ ಗೊತ್ತು. ಸರಿಯಾದ ಪರಿಹಾರ ಸಾಮಾನ್ಯವಾಗಿ ಎರಡು ದಡಗಳ ಕೆಲಸವನ್ನು ಬೇರೆ ಬೇರೆ ಆಕ್ಟಿವಿಟಿಗಳಾಗಿ ಒಡೆದು ತರ್ಕವನ್ನೇ ತಿದ್ದುವುದು. ಹತ್ತಾರು ಪುಟಗಳ ಪಠ್ಯಸಾಮಗ್ರಿಯಲ್ಲಿ ಈ ಆಯ್ಕೆಗೆ ಸಿಗುವುದು ಪರದೆಯ ಒಂದು ಚಿತ್ರ ಮತ್ತು ಒಂದು ಸಾಲಿನ ವಿವರಣೆ.

ದಿನಾಂಕವನ್ನು ಮೊದಲು ನಿಶ್ಚಯಿಸಿ ತರ್ಕವನ್ನು ಅದಕ್ಕೆ ಬಗ್ಗಿಸುವ ಪರಿಪಾಠ ಇದಕ್ಕಿಂತ ಅಪಾಯಕಾರಿ. ಸಚಿವರು ಉದ್ಘಾಟನೆಯ ದಿನ ಘೋಷಿಸಿರುತ್ತಾರೆ, ಇಲ್ಲವೇ ಕಂಪನಿಯ ಹಿರಿಯರು ಸಭೆಯಲ್ಲಿ ಮಾತು ಕೊಟ್ಟಿರುತ್ತಾರೆ. ಪ್ಲಾನಿಂಗ್ ಎಂಜಿನಿಯರಿನಿಂದ ಆ ದಿನಕ್ಕೆ ಹೊಂದುವ ವೇಳಾಪಟ್ಟಿಯನ್ನು ಬಯಸುತ್ತಾರೆ. ತಂತ್ರಾಂಶ ಇಲ್ಲವೆನ್ನುವುದಿಲ್ಲ. ಕಡೆಯ ಕೆಲಸಕ್ಕೆ ಮ್ಯಾಂಡೇಟರಿ ಫಿನಿಶ್ ಎಂಬ ನಿರ್ಬಂಧ ಹಾಕಿದರೆ, ಹಿಂದಿನ ಕೆಲಸಗಳು ಮುಗಿದಿರಲಿ ಬಿಡಲಿ, ಅದು ಆ ದಿನಾಂಕವನ್ನೇ ಮುದ್ರಿಸಿಕೊಡುತ್ತದೆ. ಇದಕ್ಕಿಂತ ಮೃದುವಾದ ನಿರ್ಬಂಧ ಹಾಕಿದರೆ ದಿನಾಂಕ ತನ್ನ ಪಾಡಿಗೆ ಜಾರಿ, ಎಷ್ಟು ದಿನ ಕೊರತೆಯಾಗುತ್ತಿದೆ ಎಂಬುದು ನೆಗೆಟಿವ್ ಫ್ಲೋಟ್ ಎಂಬ ಹೆಸರಿನಲ್ಲಿ ಪಕ್ಕದ ಕಾಲಂನಲ್ಲಿ ಕಾಣಿಸುತ್ತದೆ. ಮೊದಲನೆಯದು ಸುದ್ದಿಯನ್ನು ಮುಚ್ಚಿಡುತ್ತದೆ, ಎರಡನೆಯದು ಕೆಟ್ಟ ಸುದ್ದಿಯನ್ನು ಅಂಕಿಯಾಗಿ ಬಿಚ್ಚಿಡುತ್ತದೆ; ಮೆನುವಿನಲ್ಲಿ ಇವೆರಡೂ ಒಂದರ ಕೆಳಗೊಂದು ಇರುವ ಸಾಮಾನ್ಯ ಆಯ್ಕೆಗಳು. ಇ. ಶ್ರೀಧರನ್ ಅವರ ಮುಂದಾಳತ್ವದಲ್ಲಿ ದೆಹಲಿ ಮೆಟ್ರೊದ ಕಾಮಗಾರಿ ತಾಣಗಳಲ್ಲಿ ಉಳಿದ ದಿನಗಳನ್ನು ತೋರಿಸುವ ಹಿಮ್ಮುಖ ಗಡಿಯಾರಗಳನ್ನು ತೂಗುಹಾಕಿದ್ದು ಹೆಸರಾದ ಸಂಗತಿ. ಆ ಗಡಿಯಾರದ ಹಿಂದೆ ತೀರ್ಮಾನಗಳನ್ನು ಬೇಗ ತೆಗೆದುಕೊಳ್ಳುವ ಆಡಳಿತವಿತ್ತು ಎಂಬುದನ್ನು ಮರೆತು, ಗಡಿಯಾರವನ್ನಷ್ಟೇ ಅನುಕರಿಸಿದ ಕಚೇರಿಗಳಿಗೆ ಕೊರತೆಯಿಲ್ಲ.

ಪ್ರಮಾಣಪತ್ರಗಳ ವಿಷಯಕ್ಕೆ ಬಂದರೆ, ಒಂದೇ ಹೆಸರಿನಡಿ ಮೂರು ಬೇರೆ ವಸ್ತುಗಳು ಚಲಾವಣೆಯಲ್ಲಿವೆ. ತರಬೇತಿ ಕೇಂದ್ರ ಕೊಡುವುದು ಹಾಜರಿಯ ಪತ್ರ. ಇಂತಿಷ್ಟು ಗಂಟೆ ತರಗತಿಯಲ್ಲಿ ಕುಳಿತಿದ್ದರು ಎಂಬುದಕ್ಕಿಂತ ಹೆಚ್ಚನ್ನು ಅದು ಹೇಳಲಾರದು, ಅದರ ಮೇಲೆ ಅಚ್ಚಾದ ಮುದ್ರೆಗಳು ಎಷ್ಟೇ ದೊಡ್ಡವಾಗಿರಲಿ. ತಂತ್ರಾಂಶ ತಯಾರಕರ ಪರೀಕ್ಷೆ ಇದಕ್ಕಿಂತ ಬಿಗಿಯಾದದ್ದು, ಆದರೆ ಅದರ ಆಯುಷ್ಯ ತಂತ್ರಾಂಶದ ಆವೃತ್ತಿಗೆ ಕಟ್ಟುಬಿದ್ದಿದೆ. ಪ್ರಾಜೆಕ್ಟ್ 2013ರ ಹೆಸರಿನಲ್ಲಿ ಮೈಕ್ರೋಸಾಫ್ಟ್ ನಡೆಸುತ್ತಿದ್ದ ಪರೀಕ್ಷೆ ನಿಂತುಹೋಗಿದೆ. ಪಿ3 ಪರಿಣತರೆಂದು ಒಂದು ಕಾಲಕ್ಕೆ ಹೆಚ್ಚಿನ ಸಂಬಳ ಪಡೆದವರಿಗೆ ಆ ತಂತ್ರಾಂಶ ಮಾರುಕಟ್ಟೆಯಿಂದ ಹೋದಾಗ ಉಳಿದದ್ದು ಅದರೊಡನೆ ಕಲಿತಿದ್ದ ತರ್ಕ ಮಾತ್ರ, ಅದನ್ನೂ ಕಲಿತಿದ್ದರೆ.

ಮೂರನೆಯದು ವೃತ್ತಿಸಂಸ್ಥೆಗಳ ಮಾನ್ಯತೆ, ಮತ್ತು ಗಂಭೀರವಾಗಿ ನೋಡಬೇಕಾದದ್ದೂ ಇದೇ. ಅಮೆರಿಕದಲ್ಲಿ 1969ರಲ್ಲಿ ಸ್ಥಾಪನೆಯಾದ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್ ಕೊಡುವ ಪಿಎಂಐ-ಎಸ್‌ಪಿ, ಅದಕ್ಕೂ ಹಳೆಯದಾದ, 1956ರಲ್ಲಿ ಆರಂಭವಾದ ಎಎಸಿಇ ಸಂಸ್ಥೆಯ ಪಿಎಸ್‌ಪಿ, ಇವೆರಡೂ ಯಾವುದೇ ಒಂದು ತಂತ್ರಾಂಶಕ್ಕೆ ಅಂಟಿಕೊಂಡವಲ್ಲ. ಎರಡಕ್ಕೂ ಪರೀಕ್ಷೆಗೆ ಕೂರುವ ಮುನ್ನ ವರ್ಷಗಳ ವೃತ್ತಿ ಅನುಭವ ತೋರಿಸಬೇಕು, ಎರಡನ್ನೂ ಮೂರು ವರ್ಷಗಳಿಗೊಮ್ಮೆ ನವೀಕರಿಸಿಕೊಳ್ಳಬೇಕು. ಪಿಎಸ್‌ಪಿ ಪರೀಕ್ಷೆಯ ಒಂದು ಅಂಶ ವಿಶೇಷ ಗಮನಕ್ಕೆ ಅರ್ಹ: ಬಹು ಆಯ್ಕೆಯ ಪ್ರಶ್ನೆಗಳ ಜೊತೆಗೆ ಅಭ್ಯರ್ಥಿ ಒಂದು ಸನ್ನಿವೇಶವನ್ನು ಓದಿ, ಮೇಲಧಿಕಾರಿಗೆ ಬರೆಯುವಂತೆ ಒಂದು ಟಿಪ್ಪಣಿ ಬರೆಯಬೇಕು. ದಿನಾಂಕ ಏಕೆ ಜಾರಿತು, ಮುಂದೆ ಏನು ಮಾಡಬಹುದು ಎಂಬುದನ್ನು ವೇಳಾಪಟ್ಟಿ ಓದಲು ಬಾರದ ಅಧಿಕಾರಿಗೆ ತಿಳಿಯುವಂತೆ ಹೇಳಬಲ್ಲ ಶಕ್ತಿಯನ್ನು ಇಷ್ಟು ನೇರವಾಗಿ ಅಳೆಯುವ ಬೇರೆ ಪರೀಕ್ಷೆ ಈ ಕ್ಷೇತ್ರದಲ್ಲಿ ಅಪರೂಪ. ಈ ಪರೀಕ್ಷೆಗಳ ಶುಲ್ಕ ಡಾಲರುಗಳಲ್ಲಿದೆ ಎಂಬುದೂ, ಬೆಂಗಳೂರಿನ ಹೊಸ ಪದವೀಧರರಿಗೆ ಅದು ಸುಲಭವಲ್ಲ ಎಂಬುದೂ ನಿಜ. ಅನುಭವದ ಷರತ್ತಿನಿಂದಾಗಿ ಅವರಿಗೆ ಅದು ಕೂಡಲೇ ತೆರೆಯುವ ಬಾಗಿಲೂ ಅಲ್ಲ. ಹಾಗಾಗಿ ಮೊದಲ ಉದ್ಯೋಗಕ್ಕೆ ಹಾಜರಿಯ ಪತ್ರವೇ ಗತಿಯಾಗುತ್ತದೆ, ತರಬೇತಿ ಕೇಂದ್ರಗಳ ಬೇಡಿಕೆ ಕುಗ್ಗದಿರಲು ಇದೂ ಒಂದು ಕಾರಣ.

ವೇಳಾಪಟ್ಟಿಯ ತರ್ಕ ಕೇವಲ ಕಚೇರಿಯ ಶಿಸ್ತಿನ ವಿಷಯವಾಗಿದ್ದರೆ ಇಷ್ಟು ಚರ್ಚೆ ಬೇಕಿರಲಿಲ್ಲ. ಅದರ ಹಿಂದೆ ಹಣವಿದೆ. ಅಂತರರಾಷ್ಟ್ರೀಯ ನಿರ್ಮಾಣ ಗುತ್ತಿಗೆಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ಫಿಡಿಕ್ ಕರಾರಿನ 1999ರ ಆವೃತ್ತಿ, ಕೆಲಸ ಆರಂಭಿಸುವ ಸೂಚನೆ ಬಂದ 28 ದಿನಗಳೊಳಗೆ ಗುತ್ತಿಗೆದಾರ ವಿವರವಾದ ವೇಳಾಪಟ್ಟಿ ಸಲ್ಲಿಸಬೇಕೆನ್ನುತ್ತದೆ. 2017ರ ಆವೃತ್ತಿ ಒಂದು ಹೆಜ್ಜೆ ಮುಂದೆ ಹೋಗಿ, ಕೆಲಸಗಳ ನಡುವಿನ ತರ್ಕ, ಫ್ಲೋಟ್ ಮತ್ತು ಕ್ರಿಟಿಕಲ್ ಪಾತ್ ಅದರಲ್ಲಿ ಕಾಣಬೇಕೆಂದು ವಿಧಿಸುತ್ತದೆ. ಭಾರತದಲ್ಲಿ 1872ರ ಕರಾರು ಕಾಯ್ದೆಯ 55ನೇ ಸೆಕ್ಷನ್ ಕಾಲಮಿತಿ ತಪ್ಪಿದಾಗಿನ ಪರಿಣಾಮಗಳನ್ನೂ, 74ನೇ ಸೆಕ್ಷನ್ ಕರಾರಿನಲ್ಲೇ ನಮೂದಿಸಿದ ಪರಿಹಾರದ ಮೊತ್ತವನ್ನೂ ಕುರಿತದ್ದು. ತಡವಾದುದಕ್ಕೆ ಯಾರು ಹೊಣೆ ಎಂದು ಮಧ್ಯಸ್ಥಗಾರರ ಮುಂದೆ ವಾದ ನಡೆಯುವಾಗ ಎರಡೂ ಕಡೆಯವರು ತೆರೆದಿಡುವುದು ತಿಂಗಳು ತಿಂಗಳ ಅಪ್‌ಡೇಟ್ ಫೈಲುಗಳನ್ನು.

ಕಿರುಸೇತುವೆಯ ಲೆಕ್ಕಕ್ಕೇ ಮರಳಿದರೆ ಈ ವಾದದ ಸೂಕ್ಷ್ಮ ತಿಳಿಯುತ್ತದೆ. ಸೇತುವೆಯ ಮಾಲೀಕನಾದ ಇಲಾಖೆ ಸ್ಲ್ಯಾಬಿನ ನಕ್ಷೆಗಳನ್ನು 5 ದಿನ ತಡವಾಗಿ ಕೊಟ್ಟಿತು ಎಂದಿಟ್ಟುಕೊಳ್ಳೋಣ. 7 ದಿನಗಳ ಫ್ಲೋಟಿನಲ್ಲಿ 5 ಹೋಯಿತು, ಸೇತುವೆಗೆ ತಡವಾಗಲಿಲ್ಲ. ನಂತರ ಗುತ್ತಿಗೆದಾರನ ಅಚ್ಚು ಮುರಿದು ಮತ್ತೆ 5 ದಿನ ಹೋಯಿತು, ಸೇತುವೆ 3 ದಿನ ತಡವಾಯಿತು. ಬ್ರಿಟನ್ನಿನ ಸೊಸೈಟಿ ಆಫ್ ಕನ್‌ಸ್ಟ್ರಕ್ಷನ್ ಲಾ 2002ರಲ್ಲಿ ಪ್ರಕಟಿಸಿ 2017ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯ ನಿಲುವಿನಂತೆ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಮಾಲೀಕನ ಕಡೆಯ ವಿಳಂಬ ಉಳಿದ ಫ್ಲೋಟನ್ನು ತಿಂದು ಮುಗಿಸಿ ಅದಕ್ಕೂ ಮೀರಿದಾಗ ಮಾತ್ರ ಗುತ್ತಿಗೆದಾರನಿಗೆ ಹೆಚ್ಚುವರಿ ಕಾಲ ಸಿಗುತ್ತದೆ. ಅಂದರೆ ಫ್ಲೋಟನ್ನು ಮೊದಲು ಬಳಸಿದವರು ಪಾರಾದರು, ಎರಡನೆಯವರು ಸಿಕ್ಕಿಬಿದ್ದರು; ಇಲಾಖೆ 5 ದಿನ ತಡಮಾಡಿದ್ದರೂ 3 ದಿನದ ದಂಡ ಗುತ್ತಿಗೆದಾರನ ಪಾಲಿಗೆ. ನಕ್ಷೆ ಯಾವ ದಿನ ಬಂತು, ಅಚ್ಚು ಯಾವ ದಿನ ಮುರಿಯಿತು ಎಂಬುದನ್ನು ಆಯಾ ತಿಂಗಳ ಅಪ್‌ಡೇಟಿನಲ್ಲಿ ಪ್ರಾಮಾಣಿಕವಾಗಿ ದಾಖಲಿಸಿರದಿದ್ದರೆ ಈ ಮಟ್ಟದ ವಾದಕ್ಕೂ ಆಸ್ಪದವಿರುವುದಿಲ್ಲ. ಭಾರತದ ಸರ್ಕಾರಿ ಕಾಮಗಾರಿಗಳಲ್ಲಿ ಅಡ್ಡಿಗಳನ್ನು ದಿನಾಂಕಸಮೇತ ಬರೆದಿಡುವ ಹಿಂಡ್ರೆನ್ಸ್ ರಿಜಿಸ್ಟರ್ ಎಂಬ ಹಳೆಯ ವ್ಯವಸ್ಥೆಯಿದೆ. ಆ ರಿಜಿಸ್ಟರನ್ನೂ ಪಿ6 ಫೈಲನ್ನೂ ಒಂದಕ್ಕೊಂದು ಹೊಂದಿಸಿ ಇಡುವುದನ್ನು ಯಾವ ತರಬೇತಿ ಪಠ್ಯಕ್ರಮವೂ ಒಂದು ಪಾಠವನ್ನಾಗಿ ಮಾಡಿದಂತೆ ಕಾಣುವುದಿಲ್ಲ. ಲಕ್ಷಾಂತರ ರೂಪಾಯಿಗಳು ಕೈಬದಲಾಯಿಸುವುದು ಮಾತ್ರ ಅಲ್ಲಿಯೇ.

ಇದಕ್ಕೆ ಸೇರಿದ ಇನ್ನೊಂದು ಸಂಗತಿಯೆಂದರೆ, ವಿಳಂಬದ ದೊಡ್ಡ ಕಾರಣಗಳು ವೇಳಾಪಟ್ಟಿಯೊಳಗೆ ಬರುವುದೇ ಅಪರೂಪ. ಕೇಂದ್ರ ಅಂಕಿಅಂಶ ಮತ್ತು ಕಾರ್ಯಕ್ರಮ ಅನುಷ್ಠಾನ ಸಚಿವಾಲಯ ₹150 ಕೋಟಿ ಮತ್ತು ಅದಕ್ಕೆ ಮೇಲ್ಪಟ್ಟ ಕೇಂದ್ರ ಯೋಜನೆಗಳ ಮೇಲೆ ನಿಗಾ ಇಟ್ಟು ಪ್ರಕಟಿಸುತ್ತ ಬಂದ ವರದಿಗಳಲ್ಲಿ ಭೂಸ್ವಾಧೀನ, ಅರಣ್ಯ ಮತ್ತು ಪರಿಸರ ಅನುಮತಿ ಮುಂತಾದವು ವಿಳಂಬದ ಕಾರಣಗಳಾಗಿ ಮತ್ತೆ ಮತ್ತೆ ಕಾಣಿಸಿಕೊಂಡಿವೆ. ಬೆಂಗಳೂರಿನ ನಮ್ಮ ಮೆಟ್ರೊದ ಮೊದಲ ಹಂತಕ್ಕೆ 2006ರಲ್ಲಿ ಅಡಿಗಲ್ಲು ಬಿತ್ತು, ಮೊದಲ ತುಂಡು 2011ರ ಅಕ್ಟೋಬರ್‌ನಲ್ಲಿ ತೆರೆಯಿತು, 42 ಕಿಲೊಮೀಟರ್‌ಗಳ ಇಡೀ ಹಂತ ಮುಗಿದದ್ದು 2017ರ ಜೂನ್‌ನಲ್ಲಿ. ನೆಲದಡಿಯ ಗಟ್ಟಿ ಬಂಡೆ ಸುರಂಗ ಕೊರೆಯುವ ಯಂತ್ರಗಳನ್ನು ಕಾಡಿದ್ದು ಬೆಂಗಳೂರಿಗರ ನೆನಪಿನಲ್ಲಿದೆ. ಜಾಗ ಹಸ್ತಾಂತರವನ್ನು ‘ಈ ದಿನಕ್ಕೆ ಸಿಗುತ್ತದೆ’ ಎಂಬ ಒಂದು ಚುಕ್ಕೆಯಾಗಿ ಗುರುತಿಸಿ, ಅದರ ಹಿಂದಿನ ಸರ್ವೆ, ನೋಟಿಸು, ಪರಿಹಾರ, ತೆರವುಗಳನ್ನು ಆಕ್ಟಿವಿಟಿಗಳಾಗಿ ಬಿಡಿಸದಿದ್ದರೆ, ಆ ಚುಕ್ಕೆ ತಿಂಗಳಿಗೊಮ್ಮೆ ಬಲಕ್ಕೆ ಸರಿಯುತ್ತ ಹೋಗುವುದನ್ನು ನೋಡುವುದಷ್ಟೇ ಪ್ಲಾನಿಂಗ್ ವಿಭಾಗಕ್ಕೆ ಉಳಿಯುವ ಕೆಲಸ.

ವೇಳಾಪಟ್ಟಿಯ ಗುಣಮಟ್ಟವನ್ನು ಯಂತ್ರದಿಂದಲೇ ಪರೀಕ್ಷಿಸುವ ಪ್ರಯತ್ನಗಳೂ ನಡೆದಿವೆ. ಅಮೆರಿಕದ ರಕ್ಷಣಾ ಗುತ್ತಿಗೆ ನಿರ್ವಹಣಾ ಸಂಸ್ಥೆ ರೂಪಿಸಿದ 14 ಅಂಶಗಳ ತಪಾಸಣೆ ಇಂದು ಜಗತ್ತಿನಾದ್ಯಂತ ಚಾಲ್ತಿಯಲ್ಲಿದೆ: ಹಿಂದು ಮುಂದಿನ ಸಂಬಂಧವಿಲ್ಲದ ಆಕ್ಟಿವಿಟಿಗಳು ಶೇ 5ನ್ನು ಮೀರಬಾರದು, 44 ಕೆಲಸದ ದಿನಗಳಿಗಿಂತ ಉದ್ದವಾದವು ಶೇ 5ಕ್ಕಿಂತ ಹೆಚ್ಚಿರಬಾರದು, ನೆಗೆಟಿವ್ ಫ್ಲೋಟ್ ಇರಲೇಬಾರದು, ಇತ್ಯಾದಿ. ನಿಜಕ್ಕೂ ಉಪಯುಕ್ತವಾದ ಜರಡಿ ಇದು. ಆದರೆ ತೆಗಳಿಕೆ ತಪ್ಪಿಸಿಕೊಳ್ಳಲು ಎಲ್ಲ ಆಕ್ಟಿವಿಟಿಗಳಿಗೂ ಎಲ್ಲಿಗಾದರೂ ಒಂದು ಗೆರೆ ಎಳೆದು, ಉದ್ದನೆಯದನ್ನು ಅರ್ಥವಿಲ್ಲದೆ ಎರಡಾಗಿ ಕತ್ತರಿಸಿದ ವೇಳಾಪಟ್ಟಿಯೂ ಈ ಜರಡಿಯಲ್ಲಿ ಸಲೀಸಾಗಿ ಪಾಸಾಗುತ್ತದೆ. ಗೋಡೆಯ ಮುಂಚೆ ಸ್ಲ್ಯಾಬು ಕೂರಿಸುವಂತೆ ಗೆರೆ ಎಳೆದಿದ್ದರೂ 14 ಅಂಶಗಳಲ್ಲಿ ಯಾವುದೂ ಅದನ್ನು ಹಿಡಿಯದು, ಏಕೆಂದರೆ ಗೋಡೆ ಎಂದರೇನೆಂದು ತಂತ್ರಾಂಶಕ್ಕೆ ಗೊತ್ತಿಲ್ಲ.

ತರಬೇತಿ ಮತ್ತು ಪರೀಕ್ಷೆಯ ಸ್ವರೂಪ ಬದಲಾಗಬೇಕಾದರೆ ಅದು ತರಬೇತಿ ಕೇಂದ್ರಗಳ ಒಳ್ಳೆಯತನದಿಂದ ಆಗುವಂಥದಲ್ಲ. ಅವು ಮಾರುಕಟ್ಟೆ ಕೇಳಿದ್ದನ್ನು ಕೊಡುತ್ತವೆ. ಕೇಳುವವರು ಬೇರೆಯದನ್ನು ಕೇಳಬೇಕು, ಹಾಗೆ ಕೇಳುವುದು ದುಬಾರಿಯೂ ಅಲ್ಲ. ಪಿ6 ಫೈಲುಗಳು ಎಕ್ಸ್‌ಇಆರ್ ಎಂಬ ರೂಪದಲ್ಲಿ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಸಾಗುತ್ತವೆ. ನೂರೈವತ್ತು ಆಕ್ಟಿವಿಟಿಗಳ ಅಂಥದೊಂದು ಫೈಲಿನಲ್ಲಿ ಕಾಂಕ್ರೀಟು ಗಟ್ಟಿಯಾಗಲು ಕಾಯುವ ಅವಧಿಯನ್ನು ಆರು ದಿನದ ವಾರಕ್ಕೆ ಕಟ್ಟಿ, ಮಧ್ಯದಲ್ಲೆಲ್ಲೋ ಮ್ಯಾಂಡೇಟರಿ ಫಿನಿಶ್ ಒಂದನ್ನು ಹುದುಗಿಸಿ, ಮಳೆಗಾಲದಲ್ಲಿ ತಳಪಾಯ ಅಗೆಸಿ, ತಡೆಗೋಡೆಯ ಮುಂಚೆ ಹಿಂಬದಿಯ ಮಣ್ಣು ತುಂಬಿಸಿ, ಅದನ್ನು ಅಭ್ಯರ್ಥಿಗೆ ಕೊಟ್ಟು, ಎರಡು ಗಂಟೆಗಳಲ್ಲಿ ತಪ್ಪುಗಳನ್ನು ಹುಡುಕಿ ಕಾರ್ಯಪಾಲಕ ಎಂಜಿನಿಯರಿಗೆ ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಒಂದು ಪುಟದ ಟಿಪ್ಪಣಿ ಬರೆಯಲು ಹೇಳಬಹುದು. ಇಂಥ ಪರೀಕ್ಷೆಗೆ ಬೇಕಿರುವುದು ಒಂದು ಲ್ಯಾಪ್‌ಟಾಪು ಮತ್ತು ಉತ್ತರವನ್ನು ಓದಿ ತೂಗಬಲ್ಲ ಒಬ್ಬ ಹಿರಿಯ ಎಂಜಿನಿಯರು. ಲ್ಯಾಪ್‌ಟಾಪು ಎಲ್ಲ ಕಚೇರಿಗಳಲ್ಲೂ ಇದೆ.